ಕೆಳಗೆ ಅಂದ್ರೆ ನಮ್ಮನೆ

"ಎಲ್ಲಿಗೆ ಹೋಗ್ತದೆ? ಕೆಳಗೆ ಎಲ್ಲೋ ಹೋಗ್ತದೆ ಬಿಡಿ" ಅಂದರು ಎಂಜಿನಿಯರ್ ಭಾವ.

"ಕೆಳಗೆ ಅಂದ್ರೆ ನಮ್ಮನೆ ಸರ್" ಅಂದಳು ನರ್ಸ್ ಹುಡುಗಿ.

ಭಾನುವಾರ ಸಂಜೆ, ನಮ್ಮ ಪೇಟೆಯ ನೀರಿನ ವಿಷಯಕ್ಕೆ ಆಡಿದ ಮಾತು. ವಾರ ಮುಗಿಯುತ್ತಾ ಬಂತು, ನನಗೆ ಇನ್ನೂ ಅದೇ ಕೇಳುತ್ತಿದೆ. ಪಾತ್ರೆ ತೊಳೆಯುವಾಗ, ಬಟ್ಟೆ ಅಲಂಬಿ ನೀರು ಚೆಲ್ಲುವಾಗ, ಅಂಗಳದ ಮಳೆನೀರು ಸುತ್ತಿ ಸುತ್ತಿ ಮೋರಿಗೆ ಇಳಿಯುವಾಗ. ಅವಳು ದನಿ ಏರಿಸಿರಲಿಲ್ಲ. ಜಗಳದ ಧಾಟಿಯೂ ಇರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಯಾವೂರು ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು. ಅದಕ್ಕೇ ಇರಬೇಕು, ಅಷ್ಟು ನಾಟಿತು.

ನಮ್ಮ ಓದುಗರ ಗುಂಪು ಈ ಸಲ ಮಾಸ್ತರರ ಮನೆ ಜಗಲಿಯಲ್ಲಿ ಸೇರಿತ್ತು. ಹೊರಗೆ ಶಿರಸಿಯ ಮಳೆ, ಒಳಗೆ ಕಷಾಯ. ದೊಡ್ಡ ಊರುಗಳ ರಸ್ತೆಯಡಿ ಮುಚ್ಚಿಹೋದ ನದಿಗಳ ಬಗ್ಗೆ ಹೊಸದಾಗಿ ಬಂದ ಇಂಗ್ಲಿಷ್ ಪುಸ್ತಕವನ್ನು ಮಾಸ್ತರರು ಪೂರ್ತಿ ಓದಿ ಬಂದಿದ್ದರು. ಅವರು ಹುಬ್ಬಳ್ಳಿ ದಾಟಿ ಹೋಗಿದ್ದು ಕಡಿಮೆ. ಆದರೆ ಲಂಡನ್ನಿನ ಫ್ಲೀಟ್ ನದಿಯ ಕಥೆ ಹೇಳಿದರು ನೋಡಿ, ನಾವೆಲ್ಲ ಅದರ ದಂಡೆಯಲ್ಲೇ ನಡೆದು ಬಂದೆವು. ಹ್ಯಾಂಪ್‌ಸ್ಟೆಡ್ ಎಂಬ ಎತ್ತರದ ಜಾಗದಲ್ಲಿ ಹುಟ್ಟಿ, ಊರಿನ ನಡುವೆ ಇಳಿದು, ಬ್ಲ್ಯಾಕ್‌ಫ್ರಯರ್ಸ್ ಸೇತುವೆಯ ಅಡಿಯಲ್ಲಿ ಥೇಮ್ಸ್ ಸೇರುವ ನದಿ ಅದು. ಒಂದು ಕಾಲದಲ್ಲಿ ಅದರಲ್ಲಿ ದೋಣಿ ಬರುತ್ತಿದ್ದವು. ಆಮೇಲೆ ಕಸಾಯಿಖಾನೆಯದ್ದು, ಚರ್ಮ ಹದ ಮಾಡುವವರದ್ದು, ಮನೆಗಳದ್ದು, ಎಲ್ಲ ಕೊಳೆ ಅದಕ್ಕೇ. ನಾತ ತಡೆಯಲಾಗದೆ 18ನೇ ಶತಮಾನದಿಂದ ಒಂದೊಂದೇ ಭಾಗ ಮುಚ್ಚುತ್ತಾ ಬಂದರು. ಈಗ ಅದು ಒಳಚರಂಡಿಯ ಭಾಗ. ಕ್ಲರ್ಕನ್‌ವೆಲ್ ಎಂಬ ಕಡೆ ರಸ್ತೆಯಲ್ಲಿ ಒಂದು ಕಬ್ಬಿಣದ ಜಾಲರಿ ಇದೆಯಂತೆ. ಬಗ್ಗಿ ಕಿವಿಗೊಟ್ಟರೆ ಕೆಳಗೆ ಫ್ಲೀಟ್ ಹರಿಯುವ ಸದ್ದು ಇವತ್ತಿಗೂ ಕೇಳುತ್ತದೆ. ವೆಸ್ಟ್‌ಬೋರ್ನ್ ಅನ್ನುವ ಇನ್ನೊಂದು ನದಿಯನ್ನಂತೂ ಸ್ಲೋನ್ ಸ್ಕ್ವೇರ್ ರೈಲು ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮಿನ ಮೇಲಿಂದ ಒಂದು ದಪ್ಪ ಕಬ್ಬಿಣದ ಪೈಪಿನಲ್ಲಿ ದಾಟಿಸಿದ್ದಾರೆ. ಜನ ಅದರ ಕೆಳಗೆ ನಿಂತು ರೈಲು ಕಾಯುತ್ತಾರೆ.

ಕೇಳಿದವರಿಗೆಲ್ಲ ರೋಮಾಂಚನ. ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ನಮ್ಮ ಗುಂಪಿನ ಹುಡುಗ ಆಗಲೇ ಮೊಬೈಲಿನಲ್ಲಿ ಫೋಟೋ ಹುಡುಕಿದ್ದ. ಇಟ್ಟಿಗೆಯ ಸುರಂಗ, ತಲೆಗೆ ದೀಪ ಕಟ್ಟಿಕೊಂಡು ಇಳಿದವರು, ಮೊಣಕಾಲು ಮಟ್ಟದ ನೀರು. "ಎಷ್ಟು ಚಂದ ಕಟ್ಟಿದ್ದಾರೆ ನೋಡಿ" ಅಂತ ಎಲ್ಲರಿಗೂ ತೋರಿಸಿದ. ಬುದ್ಧಿವಂತ ಹುಡುಗ, ಒಳ್ಳೆಯವನು. ಆದರೆ ಅವನು ಇಟ್ಟಿಗೆಯನ್ನು ನೋಡುತ್ತಿದ್ದ, ನೀರನ್ನು ನೋಡುತ್ತಿರಲಿಲ್ಲ ಅಂತ ನನಗೆ ಅನಿಸಿತು. ದೂರದ ಊರಿನ ಮುಚ್ಚಿದ ನದಿ ಕಥೆಯಾಗಿ ಕೇಳಲು ಯಾವಾಗಲೂ ಚಂದವೇ.

ದಕ್ಷಿಣ ಕೊರಿಯಾದ ಸಿಯೋಲ್ ವಿಷಯ ಬಂತು. ಅಲ್ಲಿ ಚೊಂಗ್ಗೆಚೊನ್ ಎಂಬ ತೊರೆಯ ಮೇಲೆ ಕಾಂಕ್ರೀಟು ಹಾಕಿ, ಅದರ ಮೇಲೊಂದು ಎತ್ತರದ ಹೆದ್ದಾರಿಯನ್ನೂ ಕಟ್ಟಿದ್ದರು. 2003ರಲ್ಲಿ ಆ ಹೆದ್ದಾರಿ ಕೆಡವಲು ಶುರು ಮಾಡಿ, 2005ಕ್ಕೆ 5.8 ಕಿ.ಮೀ. ಉದ್ದ ತೊರೆಯನ್ನು ಮತ್ತೆ ಬಿಸಿಲಿಗೆ ತಂದರು. ಮಾಸ್ತರರಿಗೆ ಅದನ್ನು ಹೇಳುವಾಗ ಕಣ್ಣು ತುಂಬಿತ್ತು. ಎಂಜಿನಿಯರ್ ಭಾವ ಮಾತ್ರ, "ಅದರಲ್ಲಿ ಹರಿಯೋ ನೀರು ಬಹುಪಾಲು ಹಾನ್ ನದಿಯಿಂದ ಪಂಪ್ ಮಾಡಿ ತರೋದು ಮಾಸ್ತರ್ರೇ. ದಿನಾ ಕರೆಂಟ್ ಬೇಕು" ಅಂದರು. ಅದೂ ನಿಜ. ಭಾವ ಹೇಳುವುದು ಯಾವಾಗಲೂ ನಿಜವೇ ಆಗಿರುತ್ತದೆ. ಜೀವಮಾನವಿಡೀ ಸೇತುವೆ, ಮೋರಿ ಅಂತ ಓಡಾಡಿ ನಿವೃತ್ತರಾದವರು. ಲೆಕ್ಕ ತಪ್ಪುವುದಿಲ್ಲ. ಆದರೆ ಅವರ ಲೆಕ್ಕ ಒಂದು ಗೆರೆಯಲ್ಲಿ ನಿಂತುಬಿಡುತ್ತದೆ, ಕೆಲಸದ ಗಡಿ ಎಲ್ಲಿ ಮುಗಿಯುತ್ತದೋ ಅಲ್ಲಿ.

ಆಗ ಅತ್ತಿಗೆ ಕಷಾಯದ ಲೋಟ ಎತ್ತಿಕೊಳ್ಳುತ್ತಾ ಹೇಳಿದರು: "ನಮ್ಮ ಪೇಟೆಯಲ್ಲಿ ಹೊಳೆಯೇ ಇಲ್ಲ. ನಮಗೆ ಈ ತಲೆಬಿಸಿ ಇಲ್ಲ ಬಿಡಿ."

"ಇಲ್ವಾ? ಅಘನಾಶಿನಿ ಹುಟ್ಟೋದು ಎಲ್ಲಿ?" ಮಾಸ್ತರರು ಕೇಳಿದರು.

ಎಲ್ಲರಿಗೂ ಗೊತ್ತು. ಶಾಲೆಯಲ್ಲಿ ಕಲಿತಿದ್ದೇವೆ. ಅಘನಾಶಿನಿಗೆ ಎರಡು ಮೂಲ. ಒಂದು ಮಂಜುಗುಣಿ, ಇನ್ನೊಂದು ನಮ್ಮ ಪೇಟೆಯ ಶಂಕರಹೊಂಡ. ಎರಡೂ ಕಡೆಯ ನೀರು ಮುಂದೆ ಕೂಡಿಕೊಂಡು ಹೊಳೆಯಾಗುತ್ತದೆ. ಮಂಜುಗುಣಿಯಲ್ಲಿ ದೇವಸ್ಥಾನವಿದೆ, ಜನ ಕೈಮುಗಿದು ಹೋಗುತ್ತಾರೆ. ಶಂಕರಹೊಂಡ ಪೇಟೆಯ ನಡುವೆ ಸಿಕ್ಕಿಕೊಂಡಿದೆ.

"ಸರಿ. ಹೊಂಡ ತುಂಬಿ ಹೊರಗೆ ಬಿದ್ದ ನೀರು ಪೇಟೆ ದಾಟೋವರೆಗೆ ಯಾವ ದಾರಿಯಲ್ಲಿ ಹೋಗ್ತದೆ? ಯಾರಾದರೂ ಹೇಳಿ."

ಫ್ಲೀಟ್ ಯಾವ ಯಾವ ರಸ್ತೆಯ ಅಡಿಯಲ್ಲಿ ಹೋಗುತ್ತದೆ ಎಂದು ಆಗಷ್ಟೇ ಕೇಳಿ ತಿಳಿದವರು ನಾವು. ಇದಕ್ಕೆ ಒಬ್ಬರಿಗೂ ಉತ್ತರ ಬರಲಿಲ್ಲ. ಆ ಮೌನ ಮುರಿಯಲೆಂದೇ ಭಾವ ಅಂದಿದ್ದು: "ಎಲ್ಲಿಗೆ ಹೋಗ್ತದೆ? ಕೆಳಗೆ ಎಲ್ಲೋ ಹೋಗ್ತದೆ ಬಿಡಿ."

"ಕೆಳಗೆ ಅಂದ್ರೆ ನಮ್ಮನೆ ಸರ್."

ಅವಳು ಅಘನಾಶಿನಿ ಸಮುದ್ರ ಸೇರುವ ತದಡಿ ಕಡೆಯವಳು. ಇಲ್ಲಿ ಆಸ್ಪತ್ರೆಯಲ್ಲಿ ಕೆಲಸ. ರಾತ್ರಿ ಪಾಳಿ ಮುಗಿಸಿ ಅರ್ಧ ನಿದ್ದೆಯಲ್ಲಿ ಬಂದು ಮೂಲೆಯಲ್ಲಿ ಕೂತಿದ್ದಳು. ಗುಂಪಿಗೆ ಹೊಸಬಳು, ಅಲ್ಲಿಯವರೆಗೆ ಮಾತೇ ಆಡಿರಲಿಲ್ಲ. ನಾವು ಶಿರಸಿಯವರು ಕುಮಟಾ, ಹೊನ್ನಾವರ, ಅಂಕೋಲಾ ಎಲ್ಲವನ್ನೂ ಸೇರಿಸಿ ಘಟ್ಟದ ಕೆಳಗೆ ಅನ್ನುತ್ತೇವೆ. ಮೀನು ಬರುವುದು ಘಟ್ಟದ ಕೆಳಗಿನಿಂದ. ಸೆಕೆ ಜಾಸ್ತಿ ಘಟ್ಟದ ಕೆಳಗೆ. ಮದುವೆ ಸಂಬಂಧ ಬಂದರೆ "ಘಟ್ಟದ ಕೆಳಗಿನವರಾ?" ಅಂತ ಒಂದು ಕ್ಷಣ ಯೋಚನೆ ಮಾಡುತ್ತೇವೆ. ಆದರೆ ನಾವು ಚೆಲ್ಲಿದ ನೀರು ಹೋಗುವ ವಿಷಯ ಬಂದಾಗ ಆ ಕೆಳಗಿಗೆ ಊರೂ ಇಲ್ಲ, ಮನೆಯೂ ಇಲ್ಲ, ಜನರೂ ಇಲ್ಲ. ಬರೀ "ಎಲ್ಲೋ". ಅವಳು ಆ "ಎಲ್ಲೋ"ದಲ್ಲಿ ಎದ್ದು ನಿಂತು ಕೈ ಎತ್ತಿದ ಹಾಗಾಯಿತು.

ಭಾವ ಸುಮ್ಮನಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. "ಅಲ್ಲ ತಂಗೀ, ಇಲ್ಲಿಂದ ಸಮುದ್ರಕ್ಕೆ ನೂರು ಕಿಲೋಮೀಟರ್ ಮೇಲೆ ಆಗ್ತದೆ. ನಡುವೆ ಎಷ್ಟು ಹಳ್ಳ ಸೇರ್ತವೆ, ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಬೀಳ್ತದೆ. ನಮ್ಮ ಬಚ್ಚಲ ನೀರು ಅಲ್ಲಿವರೆಗೆ ಎಲ್ಲಿ ಉಳೀತದೆ?" ಅಂದರು. ಇದರಲ್ಲೂ ಸತ್ಯವಿದೆ. ಹರಿಯುವ ನೀರು ಕಲ್ಲಿಗೆ ಬಡಿದು, ಗಾಳಿ ಬೆರೆಸಿಕೊಂಡು, ಸ್ವಲ್ಪ ಮಟ್ಟಿಗೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಅನ್ನದ ಅಗುಳು, ತರಕಾರಿ ಸಿಪ್ಪೆ ಕೊಳೆತು ಕರಗಿಹೋಗುತ್ತವೆ. ಪ್ಲಾಸ್ಟಿಕ್ ಕರಗುವುದಿಲ್ಲ. ಶಾಂಪೂ ಪಾಕೀಟು, ಮಗುವಿನ ಡೈಪರ್, ಮಾತ್ರೆಯ ಖಾಲಿ ಸ್ಟ್ರಿಪ್ಪು ಇವಕ್ಕೆ ಉಂಚಳ್ಳಿ ಏನೂ ಮಾಡುವುದಿಲ್ಲ. ಎತ್ತಿ ಕೆಳಗೆ ಹಾಕುತ್ತದೆ ಅಷ್ಟೇ.

ಅವಳು ಅಂದಿದ್ದು ಇಷ್ಟು: "ಶಿರಸಿದೇ ಅಂತ ನಾನು ಹೇಳ್ತಿಲ್ಲ ಸರ್. ನಡುವೆ ಊರು ಎಷ್ಟೋ ಇವೆ, ನಮ್ಮ ಕಡೆಯವರದ್ದೂ ಇರ್ತದೆ. ಆದ್ರೆ ಮೊದಲ ಮಳೆಗೆ ಬರೋ ನೀರು ನೋಡಿದ್ರೆ ಮೇಲಿನವರ ಮನೆಯಲ್ಲಿ ಏನೇನಿತ್ತು ಅಂತ ನಮಗೆ ಗೊತ್ತಾಗ್ತದೆ."

ಅವಳ ಅಮ್ಮ ಬಳಚು ಎಂಬ ಚಿಪ್ಪುಮೀನು ತೆಗೆಯಲು ಹೋಗುತ್ತಾರೆ. ನೀರು ಇಳಿತವಾದಾಗ ಹೊಳೆಯೊಳಗೆ ಸೊಂಟದ ಮಟ್ಟ ನಿಂತು, ಕಾಲಿನಲ್ಲಿ ಕೆಸರು ತಡಕಿ, ಕೈಯಲ್ಲಿ ಎತ್ತುವ ಕೆಲಸ. ಮಳೆಗಾಲದಲ್ಲಿ ಕಡಿಮೆ, ಬೇಸಿಗೆಯಲ್ಲಿ ದಿನಾ. ಅಳಿವೆಯ ಸುತ್ತ ಸಾವಿರಾರು ಜನರ ಬದುಕು ಇದರ ಮೇಲಿದೆ. ಬಳಚು ಹೊಟ್ಟೆ ತುಂಬಿಸಿಕೊಳ್ಳುವುದೇ ನೀರು ಸೋಸಿ. ನೀರನ್ನು ಒಳಗೆ ಎಳೆದುಕೊಂಡು, ತಿನ್ನಬೇಕಾದ್ದನ್ನು ಇಟ್ಟುಕೊಂಡು, ಉಳಿದದ್ದನ್ನು ಬಿಡುತ್ತದೆ. ನೀರಿನಲ್ಲಿ ವಿಷ ಇದ್ದರೆ ಅದೂ ಮೈಯಲ್ಲಿ ಸೇರುತ್ತದೆ. ಅದೇ ಅಳಿವೆಯ ಗಜನಿಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಗಳಲ್ಲಿ, ಆ ನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ, ಸೀಗಡಿ ಹಿಡಿಯುತ್ತಾರೆ. 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದಾಗ ನಮಗೆ ಎಷ್ಟು ಹೆಮ್ಮೆ. ಪೇಪರ್ ಕಟಿಂಗ್ ಒಬ್ಬರಿಗೊಬ್ಬರು ಕಳಿಸಿಕೊಂಡೆವು.

ಅಣೆಕಟ್ಟಿಲ್ಲದ ಹೊಳೆ ಎಂಬ ಹೆಮ್ಮೆಯೂ ಇದೆ. ಶರಾವತಿಗೆ ಲಿಂಗನಮಕ್ಕಿ, ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ. ಅಘನಾಶಿನಿ ಮಾತ್ರ ಹಾಗೇ ಹರಿದು ಹೋಗುತ್ತದೆ. ಈ ಮಾತನ್ನು ನಾವು ಭಾಷಣದಲ್ಲಿ ಹೇಳುತ್ತೇವೆ, ಮಕ್ಕಳ ಪ್ರಬಂಧದಲ್ಲಿ ಬರೆಸುತ್ತೇವೆ. ನಡುವೆ ತಡೆ ಇಲ್ಲ ಎಂದರೆ ನಮಗೂ ಅವಳ ಅಮ್ಮನಿಗೂ ನಡುವೆ ತಡೆ ಇಲ್ಲ ಎಂದೂ ಆಯಿತಲ್ಲ. ತದಡಿಯಲ್ಲಿ ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ಬರುವ ಮಾತಿದ್ದಾಗ ಘಟ್ಟದ ಮೇಲಿನವರೂ ಕೆಳಗಿನವರೂ ಸೇರಿ ಬೇಡ ಎಂದಿದ್ದರು. ಹೊರಗಿನಿಂದ ಬರುವ ಯೋಜನೆ ಕಣ್ಣಿಗೆ ಕಾಣುತ್ತದೆ. ಅದಕ್ಕೆ ಹೆಸರಿರುತ್ತದೆ, ಮೆಗಾವ್ಯಾಟ್ ಇರುತ್ತದೆ, ವಿರೋಧಿಸಲು ಒಂದು ಕಚೇರಿ ಇರುತ್ತದೆ. ಸ್ಲ್ಯಾಬಿನ ಅಡಿಗೆ ಬಿಟ್ಟ ಬಚ್ಚಲ ಪೈಪಿನ ಮುಂದೆ ಯಾರು ಧರಣಿ ಕೂರುತ್ತಾರೆ?

ಮಾಸ್ತರರು ಆ ಸಂಜೆ ಹೇಳಿದ ಇನ್ನೊಂದು ಸಂಗತಿಗೂ ಇದಕ್ಕೂ ಸಂಬಂಧ ಇದೆ ಎಂದು ನನಗೆ ಆಮೇಲೆ ಹೊಳೆಯಿತು. 1858ರ ಬೇಸಿಗೆಯಲ್ಲಿ ಲಂಡನ್ನಿನಲ್ಲಿ ಥೇಮ್ಸ್ ನದಿ ನಾರಿದ್ದು ಇತಿಹಾಸದಲ್ಲೇ ದಾಖಲಾಗಿದೆ. ಮುಚ್ಚಿದ ನದಿಗಳು, ತೆರೆದ ಚರಂಡಿಗಳು ಎಲ್ಲವೂ ತಂದು ಸುರಿಯುತ್ತಿದ್ದುದು ಥೇಮ್ಸಿಗೇ. ಪಾರ್ಲಿಮೆಂಟು ಇರುವುದು ಅದರ ದಡದಲ್ಲಿ. ಕಿಟಕಿಯ ಪರದೆಗಳನ್ನು ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಅದ್ದಿ ತೂಗುಹಾಕಿದರೂ ಒಳಗೆ ಕೂರಲು ಆಗಲಿಲ್ಲ. ವರ್ಷಗಟ್ಟಲೆ ಎಳೆದಾಡುತ್ತಿದ್ದ ಒಳಚರಂಡಿ ಕೆಲಸಕ್ಕೆ ಆಗ ಬೇಗ ಬೇಗ ಕಾನೂನು ಬಂತು, ದುಡ್ಡು ಬಂತು. ಬ್ಯಾಝಲ್‌ಗೆಟ್ ಎಂಬ ಎಂಜಿನಿಯರ್ ಊರಿನ ಅಡಿಯಲ್ಲಿ ದೊಡ್ಡ ಕೊಳವೆ ಜಾಲ ಕಟ್ಟಿದರು. ಬಡವರ ಕೇರಿಗಳಲ್ಲಿ ಕಾಲರಾ ಬಂದು ಸಾವಿರಾರು ಜನ ಸತ್ತಾಗ ಆಗದ ಕೆಲಸ, ನಾತ ಆಳುವವರ ಮೂಗಿಗೆ ಮುಟ್ಟಿದಾಗ ಆಯಿತು.

ನಮ್ಮ ಶಿರಸಿಯ ನೀರು ಹಾಗೆ ತಿರುಗಿ ಬರುವುದಿಲ್ಲ. ನಾವು ಎತ್ತರದಲ್ಲಿದ್ದೇವೆ. ಬಿಟ್ಟದ್ದು ಬಿಟ್ಟ ಹಾಗೇ ಇಳಿದು ಹೋಗುತ್ತದೆ. ಈ ಜಿಲ್ಲೆಯ ಜಗುಲಿಯಲ್ಲಿ ಕೂತು ಮಾತಾಡುವ ನಮ್ಮಂಥ ಓದುಬರಹದವರ ಮೂಗಿಗೆ ಅದು ಯಾವತ್ತೂ ಬಡಿಯುವುದಿಲ್ಲ. ನನಗೆ ಭಯ ಆಗುವುದು ಇದಕ್ಕೇ.

ಬೆಂಗಳೂರನ್ನು ಬೈಯುವುದರಲ್ಲಿ ನಾವು ಮುಂದು. ಮೈಸೂರು ರಸ್ತೆಯಲ್ಲಿ ವೃಷಭಾವತಿ ಪಕ್ಕ ಬಸ್ಸು ಹೋಗುವಾಗ ಮೂಗು ಮುಚ್ಚಿಕೊಂಡು, "ಒಂದು ನದಿಯನ್ನು ಏನು ಮಾಡಿಬಿಟ್ಟರು" ಅನ್ನುತ್ತೇವೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳು ಎಂದು ಜನ ನಂಬಿದ ನದಿ ಅದು. ಅದಕ್ಕೂ ಒಂದು ಕೆಳಗೆ ಇದೆ. ಬಿಡದಿ ಹತ್ತಿರ ಬೈರಮಂಗಲ ಕೆರೆ. ಬೆಂಗಳೂರಿನ ಸ್ನಾನ, ಬಟ್ಟೆ, ಕಾರ್ಖಾನೆ ಎಲ್ಲದರ ನೀರು ನೊರೆ ಎಬ್ಬಿಸಿಕೊಂಡು ಅಲ್ಲಿ ಬಂದು ನಿಲ್ಲುತ್ತದೆ. ಸುತ್ತಲಿನ ರೈತರು ಆ ನೀರಲ್ಲೇ ಬೇಸಾಯ ಮಾಡಿದ್ದಾರೆ. ಆಮೇಲೆ ಅದು ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಶಿರಸಿಯ ಪ್ರತಿ ಮನೆಯಿಂದ ಒಬ್ಬರಾದರೂ ಬೆಂಗಳೂರಿನಲ್ಲಿದ್ದಾರೆ. ಅವರಲ್ಲಿ ಎಷ್ಟು ಜನಕ್ಕೆ ಬೈರಮಂಗಲ ಗೊತ್ತು?

ಇದರಲ್ಲಿ ನನಗೆ ಜಾಸ್ತಿ ನೋವಾಗುವುದು ಒಂದೇ ವಿಷಯಕ್ಕೆ. ನೀರಿನ ದಾರಿ ಗೊತ್ತಿಲ್ಲದ ಜನವಲ್ಲ ನಾವು. ಹಳ್ಳಿಯ ಮನೆಗೆ ಹೋಗಿ ಕೇಳಿ. ಅಬ್ಬಿ ನೀರು ಗುಡ್ಡದ ಯಾವ ಬುಡದಿಂದ ಬರುತ್ತದೆ, ಹಿಂದೆ ಅಡಿಕೆ ಮರ ಸೀಳಿ ಮಾಡಿದ ದಂಬೆ ಎಲ್ಲಿಂದ ಎಲ್ಲಿಗೆ ಜೋಡಿಸಿದ್ದರು, ತೋಟದ ಬಸಿಗಾಲುವೆ ಯಾರ ಗದ್ದೆಗೆ ಬೀಳುತ್ತದೆ, ಆಷಾಢದಲ್ಲಿ ಹಳ್ಳ ಬಂದರೆ ಯಾವ ಕಾಲುಸಂಕ ಮೊದಲು ಮುಳುಗುತ್ತದೆ, ಎಲ್ಲ ಬಾಯಿಪಾಠ. ಮೇಲಿನ ತೋಟದವರು ನೀರು ಕಟ್ಟಿಕೊಂಡರೆ ಕೆಳಗಿನ ತೋಟದವರು ಸಂಜೆಯೊಳಗೆ ಬಾಗಿಲಿಗೆ ಬಂದು ಕೇಳುತ್ತಾರೆ. ಮೇಲಿನವರು ಉತ್ತರ ಹೇಳಲೇಬೇಕು. ಆ ಜಗಳಗಳೆಲ್ಲ ನನಗೆ ಈಗ ದೊಡ್ಡ ಸಂಪತ್ತಾಗಿ ಕಾಣುತ್ತವೆ. ಕೆಳಗೆ ಯಾರಿದ್ದಾರೆ ಎಂದು ಮುಖ ಪರಿಚಯ ಇದ್ದ ಕಾಲ ಅದು. ಅದೇ ಜನ ಪೇಟೆಗೆ ಬಂದು, ಸೈಟು ತಗೊಂಡು, ಮನೆ ಕಟ್ಟಿದ ಮೇಲೆ ಪೈಪು ಕಾಂಪೌಂಡಿನ ಆಚೆ ಎಲ್ಲಿಗೆ ಬೀಳುತ್ತದೆ ಎಂದು ಕೇಳುವುದನ್ನೇ ಬಿಟ್ಟರು. ಕೇಳಲು ಬರುವ ಕೆಳಗಿನ ತೋಟದವನು ಇಲ್ಲಿಲ್ಲ. ಅವನು ತದಡಿಯಲ್ಲಿದ್ದಾನೆ.

ಕೆರೆಗಳ ವಿಷಯದಲ್ಲಿ ಶಿರಸಿಯವರು ಕಣ್ಣು ಮುಚ್ಚಿ ಕೂತಿಲ್ಲ, ಅದನ್ನು ಹೇಳಲೇಬೇಕು. ಇತ್ತೀಚಿನ ವರ್ಷಗಳಲ್ಲಿ ಜನರೇ ದುಡ್ಡು ಹಾಕಿ, ಮುಂದೆ ನಿಂತು, ಎಷ್ಟೋ ಕೆರೆಗಳ ಹೂಳು ತೆಗೆಸಿದ್ದಾರೆ. ಆದರೆ ಕೆರೆಗೆ ದಂಡೆ ಇದೆ, ನಿಂತು ನೋಡಬಹುದು. ಕೋಡಿ ಬಿದ್ದ ನೀರಿಗೆ ಯಾರೂ ಇಲ್ಲ.

ಬುಧವಾರ ಮಳೆ ಸ್ವಲ್ಪ ಹೊಳವಾಗಿತ್ತು. ಮಾಸ್ತರರೂ ನಾನೂ ಕೊಡೆ ಹಿಡಿದು ಶಂಕರಹೊಂಡದ ಹತ್ತಿರದಿಂದ ಇಳಿಜಾರು ಹಿಡಿದು ನಡೆದೆವು. ನೀರು ಒಂದು ಕಡೆ ಕಾಣುತ್ತದೆ, ಇನ್ನೊಂದು ಕಡೆ ಕಾಣುವುದಿಲ್ಲ. ಮನೆಗಳ ಹಿತ್ತಲಿನ ಸಂದಿಯಲ್ಲಿ ಸ್ವಲ್ಪ ತೆರೆದು, ಮತ್ತೆ ಸ್ಲ್ಯಾಬಿನ ಅಡಿಗೆ ಹೋಗುತ್ತದೆ. ಒಂದು ಕಡೆ ನಾನು ಕೂತು ನೋಡಿದೆ. ಹಳೆಯ ಚಿರೆಕಲ್ಲಿನ ಗೋಡೆ, ಕಲ್ಲಿನ ಸಂದಿಯಲ್ಲೆಲ್ಲ ಜರಿಗಿಡ. ಗೋಡೆಯಿಂದ ಒಂದು ಬಿಳಿ ಪಿವಿಸಿ ಪೈಪು ಹೊರಗೆ ಇಣುಕುತ್ತಿತ್ತು. ಯಾರೋ ಆಗಷ್ಟೇ ಸ್ನಾನಕ್ಕೆ ಕೂತಿರಬೇಕು. ಬಿಸಿನೀರು ಹಬೆಯಾಡುತ್ತಾ ಬಂತು, ಸೀಗೆಪುಡಿಯ ಕಂದು ನೊರೆ, ಅದರ ಹಿಂದೆಯೇ ಹಸಿರು ಬಣ್ಣದ ಒಂದು ಶಾಂಪೂ ಪಾಕೀಟು. ಪಾಕೀಟು ಜರಿಗಿಡದ ಬುಡಕ್ಕೆ ಸಿಕ್ಕಿ ತುಸು ತಡೆಯಿತು. ಮೇಲಿನಿಂದ ಬಂದ ಮಳೆನೀರು ಅದನ್ನು ಬಿಡಿಸಿ ಸ್ಲ್ಯಾಬಿನೊಳಗೆ ಎಳೆದುಕೊಂಡಿತು. ಆ ಮಳೆನೀರು ಎಷ್ಟು ತಿಳಿಯಾಗಿತ್ತು ಎಂದರೆ ತಳದ ಜಲ್ಲಿಕಲ್ಲು ಎಣಿಸಬಹುದಿತ್ತು. ಸಿಯೋಲಿನ ಹಾಗೆ ಪಂಪಿಟ್ಟು ತರಬೇಕಾದ ನೀರಲ್ಲ ಇದು. ತಾನಾಗಿ ಬರುತ್ತಿದೆ, ಈಗಲೂ.

ಹಿತ್ತಲ ಬಾಗಿಲಲ್ಲಿ ಒಬ್ಬ ಅಜ್ಜಿ ಬಂದು ನಿಂತರು. "ಯಾರು ಬೇಕಾಗಿತ್ತು?" ಅಂದರು.

"ಹೊಳೆ ನೋಡ್ಲಿಕ್ಕೆ ಬಂದ್ವಿ ಅಮ್ಮಾ" ಅಂದರು ಮಾಸ್ತರರು.

ಅಜ್ಜಿಗೆ ಆಶ್ಚರ್ಯವೇನೂ ಆಗಲಿಲ್ಲ. "ಈಗ ನೋಡ್ಲಿಕ್ಕೆ ಎಂತ ಇದ್ದು? ನಾನು ಮದುವೆಯಾಗಿ ಬಂದಾಗ ಇಲ್ಲೇ ಬಟ್ಟೆ ತೊಳೀತಿದ್ದದ್ದು. ಕಲ್ಲು ಇನ್ನೂ ಇದ್ದು, ಆ ಸ್ಲ್ಯಾಬಿನ ಅಡಿಗೆ" ಅಂದರು. ರಾತ್ರಿ ಮಳೆ ಜೋರಾದರೆ ಮಲಗಿದಲ್ಲಿಗೇ ನೀರಿನ ಸದ್ದು ಕೇಳುತ್ತದಂತೆ. ಮಕ್ಕಳಿಗೆ ಕಿರಿಕಿರಿ. ಅವರಿಗೆ ಅದಿಲ್ಲದಿದ್ದರೆ ನಿದ್ದೆಯೇ ಬರುವುದಿಲ್ಲ. ಕ್ಲರ್ಕನ್‌ವೆಲ್ಲಿನ ಜಾಲರಿಗೆ ಕಿವಿಗೊಡಲು ಜನ ಎಲ್ಲೆಲ್ಲಿಂದಲೋ ಹೋಗುತ್ತಾರೆ. ಇಲ್ಲಿ ಒಬ್ಬ ಅಜ್ಜಿ ಪ್ರತಿ ಮಳೆಗಾಲ ಹಾಸಿಗೆಯಲ್ಲೇ ಕೇಳುತ್ತಾರೆ, ಇಷ್ಟು ವರ್ಷದಲ್ಲಿ ಅವರನ್ನು ಆ ಬಗ್ಗೆ ಕೇಳಿದವರು ಯಾರೂ ಇಲ್ಲ.

ನಿನ್ನೆ ರಾತ್ರಿ ಭಾವನ ಫೋನ್ ಬಂತು. ಊಟ ಆಯ್ತಾ ಅಂತಲೂ ಕೇಳದೆ ಶುರು ಮಾಡಿದರು. "ಮಾರಾಯ್ತಿ, ಆ ಹುಡುಗಿ ಮಾತು ಕೇಳಿ ಮನೆಗೆ ಬಂದವನು ನಮ್ಮ ಪೈಪು ಹಿಡಿದು ಹೋಗಿ ನೋಡಿದೆ. ನಮ್ಮದೂ ಅದೇ ಕಾಲುವೆಗೆ ಬೀಳ್ತದೆ." ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರೊಳಗಿನ ಎಂಜಿನಿಯರ್ ಎದ್ದು ಕೂತ. ಸ್ಲ್ಯಾಬು ತೆಗೆಸುವ ಮಾತು ಸದ್ಯಕ್ಕೆ ಬೇಡ, ಪೈಪುಗಳನ್ನು ಬೇರೆ ಮಾಡದೆ ತೆರೆದರೆ ನಾತ ಮತ್ತು ಸೊಳ್ಳೆ ಎಂದು ಜನವೇ ಮತ್ತೆ ಮುಚ್ಚಿಸುತ್ತಾರೆ ಅಂದರು. ಮೊದಲು ಆಗಬೇಕಾದ್ದು ಬಚ್ಚಲು ಮತ್ತು ಅಡುಗೆಮನೆ ನೀರು ಕಾಲುವೆಗೆ ಹೋಗದ ಹಾಗೆ ನೋಡಿಕೊಳ್ಳುವುದು. ಹಿತ್ತಲು ಇದ್ದವರು ಇಂಗುಗುಂಡಿ ಮಾಡಿಕೊಳ್ಳಬಹುದು. ಬಾವಿಯಿಂದ ದೂರ ಇರಬೇಕು, ಪೈಪಿಗೆ ಒಂದು ಜಾಳಿಗೆ ಹಾಕಿದರೆ ಪಾಕೀಟು ಅಲ್ಲೇ ನಿಲ್ಲುತ್ತದೆ. ಜಾಳಿಗೆ ನಾಳೆಯೇ ಹಾಕಬಹುದು, ಇಂಥದ್ದಕ್ಕೆ ಯಾರ ಅಪ್ಪಣೆಯೂ ಬೇಡ. ಹಿತ್ತಲು ಇಲ್ಲದ ಮನೆಗಳಿಗೆ ಏನು ಮಾಡುವುದು ಎಂಬುದಕ್ಕೆ ಅವರ ಹತ್ತಿರವೂ ಉತ್ತರ ಇಲ್ಲ. ಅದಕ್ಕೆ ಪೇಟೆಯ ವ್ಯವಸ್ಥೆಯೇ ಬೇಕು, ಎಲ್ಲರೂ ಸೇರಿ ಕೇಳಬೇಕು ಅಂದರು.

ಗುಂಡಿಗೆ ಗೌಂಡಿಯನ್ನೂ ಕರೆಸಿದ್ದಾರೆ. ಈಗ ತೆಗೆದರೆ ಒರತೆ ನೀರೇ ತುಂಬಿಕೊಳ್ಳುತ್ತದೆ, ನವರಾತ್ರಿ ಕಳೆಯಲಿ ಅಂದಿದ್ದಾನಂತೆ. ನಮ್ಮ ಮನೆಗೂ ಅವನಿಗೇ ಹೇಳಿದ್ದೇನೆ.